ಆ ಡಬ್ಬಾ ಟಿವಿಯನ್ನು ಗುಜರಿಗೆ ಹಾಕಬೇಡ

ಟೊರಾಂಟೊ
ಏಪ್ರಿಲ್ 2020

ಪ್ರೀತಿಯ ಅಣ್ಣನಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಆಲ್ದೂರಲ್ಲಿ ಹೂಮಳೆ ಸರಿಯಾಗಿ ಆಯ್ತಾ? ಈ ಲಾಕ್‌ಡೌನ್‌ನಲ್ಲಿ ತೋಟಕ್ಕೆ ಆಳು ಸಿಗ್ತಿದ್ದಾರಾ? ಅಪ್ಪ ಏನೇ ನೆಪ ಹೇಳಿದರೂ ಚಿಕ್ಕಮಗಳೂರಿಗೆ ಹೋಗೋಕೆ ಬಿಡಬೇಡ.

ನನಗೆ ಆಫೀಸು, ಊಟ ಎಲ್ಲ ಒಂದೇ ಟೇಬಲ್ ಮೇಲೆ. ಸಂಜೆ ಹೊತ್ತು ಹೋಗಲ್ಲ ಅಂತ ಕಾಂಟ್ರಾ ವಿಡಿಯೋ ಗೇಮ್ ಹಾಕಿಕೊಂಡೆ. ನಮ್ಮದೇ ಕಾಂಟ್ರಾ! ಕೊನಾಮಿ ಕಂಪನಿ ಹೋದ ವರ್ಷ ಹಳೇ ಆಟಗಳನ್ನು ಸೇರಿಸಿ ಮತ್ತೆ ಬಿಟ್ಟಿದೆ. ಮೊದಲ ಪರದೆ ಬಂದಿದ್ದೇ ತಡ, ಬೆರಳು ತಾವಾಗಿಯೇ ಒತ್ತಿದವು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. 3 ಇದ್ದ ಲೈಫು 30 ಆಯ್ತು. ಇದನ್ನು ಹೇಳಿಕೊಡೋಕೆ ನೀನು ಇಡೀ ಬೇಸಿಗೆ ರಜೆ ಸತಾಯಿಸಿದ್ದೆ, ಮರೆತಿಲ್ಲ. ಈ ಕೋಡ್ ಮಾಡಿದವರು ಕಜುಹಿಸಾ ಹಾಶಿಮೊಟೊ. 1986ರಲ್ಲಿ ಅದೇ ಕಂಪನಿಯ ಗ್ರೇಡಿಯಸ್ ಆಟ ತಯಾರಿಸುವಾಗ, ಆಡಿ ನೋಡೋಕೆ ಹೋದರೆ ಅವರಿಗೇ ಕಷ್ಟ ಆಯ್ತಂತೆ. ಅದಕ್ಕೇ ಈ ಕಳ್ಳದಾರಿ! ಪಾಪ, ಈ ಫೆಬ್ರವರಿಯಲ್ಲಿ ತೀರಿಕೊಂಡರು.

ಈಗ ಮುಖ್ಯ ವಿಷಯ. ಡಬ್ಬಾ ಟಿವಿಯನ್ನು ಗುಜರಿಯವನಿಗೆ ಕೊಡ್ತೀವಿ ಅಂತ ಅಮ್ಮ ಫೋನಲ್ಲಿ ಹೇಳಿದಳು. ದಯವಿಟ್ಟು ಕೊಡಬೇಡ. ಅಟ್ಟದ ಮೇಲೆ ವಿಡಿಯೋ ಗೇಮಲ್ಲಿ ಬಾತುಕೋಳಿ ಹೊಡೆಯೋ ಗನ್ ಇದೆಯಲ್ಲ, ಅದು ಹೊಸ ಟಿವಿಗೆ ಕೆಲಸ ಮಾಡಲ್ಲ. ಆ ಗನ್ನಿಂದ ಏನೂ ಹೊರಗೆ ಬರೋದೇ ಇಲ್ಲ, ಗೊತ್ತಾ? ಅದು ಬೆಳಕು ನೋಡುವ ಕಣ್ಣು ಅಷ್ಟೇ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗುತ್ತೆ. ಆಮೇಲೆ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ. ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ಸರಿ. ಎಲ್‌ಇಡಿ ಟಿವಿಯಲ್ಲಿ ಚಿತ್ರ ಮೂಡೋದು ಚೂರು ತಡ. ಅಷ್ಟರಲ್ಲಿ ಆಟ ಗುರಿ ತಪ್ಪಿತು ಅಂದುಬಿಡುತ್ತೆ. ಬಲ್ಬಿಗೆ ಹಿಡಿದರೂ ಹಕ್ಕಿ ಬೀಳುತ್ತೆ ಅಂತ ಕೊಚ್ಚಿಕೊಳ್ತಿದ್ದೆಯಲ್ಲ, ಡಕ್ ಹಂಟ್ ಅನ್ನೋ ಈ ಬಾತುಕೋಳಿ ಆಟದಲ್ಲಿ ಅದು ನಡೆಯಲ್ಲ ಸ್ವಾಮಿ. ಬಲ್ಬು ಕಪ್ಪಾಗೋದು ಕರೆಂಟ್ ಹೋದಾಗ ಮಾತ್ರ!

ಮಳೆ ಹಿಡಿಯೋ ಮೊದಲು ಟಿವಿಯನ್ನು ನೆಲದಿಂದ ಎತ್ತಿ ಹಲಗೆ ಮೇಲಿಡು. ಪುಟ್ಟಿಗೆ ಆಡಿಸುವಾಗ ಗೇಮ್ ಕ್ಯಾಸೆಟ್‌ಗೆ ಊದಬೇಡ, ಉಸಿರಿನ ತೇವಕ್ಕೆ ಪಿನ್ನು ಹಾಳಾಗುತ್ತೆ. ತೆಗೆದು ಮತ್ತೆ ಹಾಕಿದರೆ ಸಾಕು. ಅಡಾಪ್ಟರ್ ಮಾತ್ರ ಅಪ್ಪನನ್ನೇ ಕೇಳು. ನನ್ನ ಎಸ್ಸೆಸ್ಸೆಲ್ಸಿ ಹೊತ್ತಿಗೆ ಬೀರುವಿಗೆ ಸೇರಿದ್ದು ಇನ್ನೂ ಆಚೆ ಬಂದಿಲ್ಲ.

ಅಪ್ಪ ಅಮ್ಮನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ಇಂತಿ,
ನಿನ್ನ ತಮ್ಮ