ನಾಲಿಗೆ ಚಾಚಿದ ಕಂಚಿನ ನಾಯಿ

ಪ್ರೀತಿಯ ಮಂಜ,

ನಿಮ್ಮ ಕರಿಯ ಹೇಗಿದ್ದಾನೆ? ಕಾಲಿನ ಗಾಯ ನೆಕ್ಕುವುದನ್ನು ಬಿಡುತ್ತಲೇ ಇಲ್ಲ ಅಂತ ಬರೆದಿದ್ದೆ. ಓದಿದ ತಕ್ಷಣ ನನಗೆ ಇಲ್ಲಿನ ಒಂದು ಕಂಚಿನ ನಾಯಿ ನೆನಪಾಯಿತು.

2017ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಇಬ್ಬರು ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ ಕಾಲದ ಕಂಚಿನ ರಾಶಿ. ಹೆಚ್ಚಿನವು ಬರೀ ಚೂರು. ದೊಡ್ಡ ಮೂರ್ತಿಗಳನ್ನು ಬೇಕಂತಲೇ ಒಡೆದು, ನಾಲ್ಕನೇ ಶತಮಾನದಲ್ಲಿ ಹೂತಿಟ್ಟಿದ್ದರು. ಅದರ ನಡುವೆ ಈ ನಾಯಿ ಇಡಿಯಾಗಿ ಉಳಿದಿತ್ತು. ಗೇಣುದ್ದ ಇದೆ. ನಿಂತುಕೊಂಡು ನಾಲಿಗೆ ಚಾಚಿದೆ. ಬ್ರಿಟನ್ನಿನಲ್ಲಿ ಇಂಥದ್ದು ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ರೋಮನ್ನರ ಪುಟ್ಟ ಕಂಚಿನ ಪ್ರಾಣಿಗಳು ಸುಮ್ನೆ ಆಟಿಕೆಗಳಲ್ಲ ಕಣೋ. ಹುಂಜ, ಮೇಕೆ ಮರ್ಕ್ಯುರಿ ದೇವರಿಗೆ ಸೇರಿದವು. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಅಂತ ಆಗಿನವರು ನಂಬಿದ್ದರು. ಅದೇ ಗ್ಲಾಸ್ಟರ್‌ಶೈರ್‌ನ ಲಿಡ್ನಿಯಲ್ಲಿ ನೋಡೆನ್ಸ್ ಎಂಬ ದೇವರ ಗುಡಿ ಇತ್ತು. ಕಾಯಿಲೆಯವರು ಹರಕೆ ಹೊತ್ತು ಬರುತ್ತಿದ್ದರಂತೆ. ಅಲ್ಲೂ ಪುಟ್ಟ ಪುಟ್ಟ ನಾಯಿಗಳು ಸಿಕ್ಕಿವೆ. ಈ ನಾಯಿಯೂ ಅಂಥ ಗುಡಿಯದ್ದೇ ಇರಬೇಕು ಅಂತ ತಿಳಿದವರ ಊಹೆ.

ಲಿಡ್ನಿಯನ್ನು 1928–29ರಲ್ಲಿ ಅಗೆಸಿದವರು ಯಾರು ಗೊತ್ತಾ? ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಮತ್ತು ಅವರ ಹೆಂಡತಿ ಟೆಸಾ. ಅದೇ ವೀಲರ್ 1947ರಲ್ಲಿ ನಿಮ್ಮೂರ ಪಕ್ಕದ ಬ್ರಹ್ಮಗಿರಿಗೆ ಬಂದರು! ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆಸಿದರು. ಅಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದು ನಿನಗೆ ಗೊತ್ತೇ ಇದೆ. ನಾನು ಇದನ್ನು ಓದಿದ ರಾತ್ರಿ ನಿದ್ದೆ ಮಾಡಲಿಲ್ಲ ಮಾರಾಯ.

ಕಂಚಿನ ನಾಯಿಯನ್ನು ಹುಡುಕಿದ ಆ ಇಬ್ಬರ ಮೇಲೆ ನನಗೆ ಜಾಸ್ತಿ ಗೌರವ. ಇಲ್ಲಿನ ಆಗಿನ ಕಾನೂನಿನಲ್ಲಿ ಚಿನ್ನ ಬೆಳ್ಳಿ ಇಲ್ಲದ ರೋಮನ್ ಕಂಚು ನಿಧಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆದರೂ ಅವರು ಸಿಕ್ಕಿದ್ದನ್ನು ಪುರಾತತ್ವದವರಿಗೆ ತಿಳಿಸಿದರು. ಬಾಯಿ ಮುಚ್ಚಿಕೊಂಡು ಮಾರಿದ್ದರೆ ಅದು ಯಾರದೋ ಶೋಕೇಸಿನ ಚಂದದ ನಾಯಿ ಆಗಿರುತ್ತಿತ್ತು, ಅಷ್ಟೇ. ಯಾವ ಮಣ್ಣಿನದ್ದು, ಯಾವುದರ ಜೊತೆ ಮಲಗಿತ್ತು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ ಅಲ್ವಾ?

ಮಳೆಯಾದ ಮೇಲೆ ನಿಮ್ಮ ಹೊಲದಲ್ಲಿ ಸಿಕ್ಕ ಕೆಂಪು ಮಣಿ ಇನ್ನೂ ಅಮ್ಮನ ಕುಂಕುಮದ ಡಬ್ಬಿಯಲ್ಲೇ ಇದೆಯಾ? ಯಾವ ಬದುವಿನ ಹತ್ತಿರ ಸಿಕ್ಕಿತು ಅಂತ ಅಪ್ಪನನ್ನು ಕೇಳಿ ಒಂದು ಚೀಟಿಯಲ್ಲಿ ಬರೆ. ದುರ್ಗಕ್ಕೆ ಹೋದಾಗ ಚೀಟಿ, ಮಣಿ ಎರಡನ್ನೂ ಮ್ಯೂಸಿಯಮ್ಮಿನವರಿಗೆ ತೋರಿಸು.

ನಿನ್ನ,
ರವಿ