ಮಾತ್ರೆಯ ಹೆಸರು ಬರೆದುಕೊಡಿ

ಮಾನ್ಯರೇ,

ಚರ್ಮರೋಗದ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಔಷಧದ ಅಲರ್ಜಿ ಎಂದರೆ ನಾಲ್ಕು ದದ್ದು, ಒಂದಿಷ್ಟು ತುರಿಕೆ ಎಂದೇ ಬಹಳ ಜನರ ಎಣಿಕೆ. ಹೆಚ್ಚಾಗಿ ಔಷಧದಿಂದಲೇ ಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಗಂಭೀರ ಕಾಯಿಲೆ ಹಾಗಲ್ಲ. ಮೊದಲು ಜ್ವರ, ಗಂಟಲುನೋವು, ಕಣ್ಣುರಿ. ಆಮೇಲೆ ತುಟಿ, ಬಾಯಿ, ಮೂತ್ರದ್ವಾರದಲ್ಲೆಲ್ಲ ಹುಣ್ಣು. ಬೊಬ್ಬೆಯೆದ್ದ ಚರ್ಮ ಹಾಳೆಯಂತೆ ಕಳಚುತ್ತದೆ. ಹಾಸಿಗೆಯ ಬಟ್ಟೆ ಬದಲಿಸುವಾಗ ನಮ್ಮ ಕೈ ನಡುಗುತ್ತಿತ್ತು. ಬದುಕಿ ಉಳಿದವರಲ್ಲೂ ಕೆಲವರು ದೃಷ್ಟಿ ಕಳೆದುಕೊಂಡಿದ್ದಾರೆ.

ಇದು ಸಾಮಾನ್ಯವಾಗಿ ಔಷಧ ಶುರುವಾದ 4ರಿಂದ 28 ದಿನಗಳೊಳಗೆ ಬರುತ್ತದೆ. ಆದ್ದರಿಂದ ‘ನಿನ್ನೆ ಏನು ನುಂಗಿದಿರಿ?’ ಎಂದು ಕೇಳಿದರೆ ಸಾಲದು, ತಿಂಗಳ ಲೆಕ್ಕ ಬೇಕು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್, ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್, ಸೋಂಕಿಗೆ ಕೊಡುವ ಸಲ್ಫಾ ಮಾತ್ರೆಗಳು ಇದಕ್ಕೆ ಹೆಸರಾದವು. ಹಾಗೆಂದು ಹೆದರಿ ಮೂರ್ಛೆಯ ಮಾತ್ರೆಯನ್ನು ಸುಮ್ಮನೆ ಬಿಡಬೇಡಿ, ಅದೂ ಅಪಾಯವೇ. ಆದರೆ ದದ್ದಿನ ಜೊತೆ ಬಾಯಿಹುಣ್ಣು, ಕಣ್ಣು ಕೆಂಪು ಕಂಡರೆ ಅಂದೇ ಆಸ್ಪತ್ರೆಗೆ ಓಡಿ.

ಎಲ್ಲಕ್ಕೂ ಮಾತ್ರೆಯೇ ಕಾರಣವೂ ಅಲ್ಲ. ಮಕ್ಕಳಲ್ಲಿ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದಲೇ ಬಾಯಿ, ಕಣ್ಣು ಹೀಗೆ ಹುಣ್ಣಾಗುವುದುಂಟು. ಆಗ ಜ್ವರಕ್ಕೆಂದು ಕೊಟ್ಟ ಮಾತ್ರೆಯ ಮೇಲೆ ಗೂಬೆ ಕೂರಿಸಲಾಗುತ್ತದೆ, ಪಾಪ!

ನನ್ನ ಸಿಟ್ಟೆಲ್ಲ ಡಿಸ್ಚಾರ್ಜ್ ಚೀಟಿಯ ಮೇಲೆ. ‘ಔಷಧದ ಅಲರ್ಜಿ’ ಎಂದಷ್ಟೇ ಗೀಚಿದರೆ ಮುಂದಿನ ವೈದ್ಯರಿಗೆ ಏನು ತಿಳಿಯಬೇಕು? ಔಷಧದ ಮೂಲ ಹೆಸರನ್ನು, ಬ್ರ್ಯಾಂಡ್ ಹೆಸರನ್ನಲ್ಲ, ದಪ್ಪಕ್ಷರದಲ್ಲಿ ಬರೆದ ಕಾರ್ಡನ್ನು ರೋಗಿಯ ಕೈಗಿಡುವುದನ್ನು ಆಸ್ಪತ್ರೆಗಳು ಕಡ್ಡಾಯ ಮಾಡಲಿ.

– ಓದುಗರೊಬ್ಬರು, ನಿವೃತ್ತ ನರ್ಸ್