ಅಪ್ಪನ ಕಾಲಿನ ವಿಷಯ

ಗ್ರೀನ್‌ಬೆಲ್ಟ್, ಮೇರಿಲ್ಯಾಂಡ್
7 ಫೆಬ್ರವರಿ 2016

ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಪುಟ್ಟನ ಕೈಲಿ ನೀನು ಬರೆಸಿದ ಮೇಲ್ ಬಂತು. ಅಪ್ಪನ ಕಾಲಿನ ಗಾಯ ಇನ್ನೂ ಮಾಗಿಲ್ಲ, ಆದರೂ ಬರಿಗಾಲಲ್ಲೇ ತೋಟಕ್ಕೆ ಹೋಗುತ್ತಾರೆ ಅಂದರೆ ಏನು ಹೇಳಲಿ?

ಕೆಲಸ ಎಲ್ಲಿಗೆ ಬಂತು ಅಂತ ಕೇಳಿದ್ದೆಯಲ್ಲ. ಬಾಹ್ಯಾಕಾಶಕ್ಕೆ ಕಳಿಸುವ ನಮ್ಮ ಜೇಮ್ಸ್ ವೆಬ್ ದೂರದರ್ಶಕಕ್ಕೆ ಕೊನೆಯ ಕನ್ನಡಿ ಬುಧವಾರ ಕೂರಿಸಿದರು. ಆರು ಮೂಲೆಯ 18 ತುಂಡು, ಎಲ್ಲಾ ಸೇರಿ ಆರೂವರೆ ಮೀಟರ್ ಅಗಲ. ರೋಬೋಟ್ ತೋಳು ಒಂದೊಂದನ್ನೇ ನಿಧಾನಕ್ಕೆ ತಂದು ಇಳಿಸುತ್ತದೆ, ನಾವು ಲೇಸರ್‌ನಲ್ಲಿ ಅಳೆದು ಸರಿ ಅನ್ನುವವರೆಗೂ ಮುಂದಿನ ಕೆಲಸ ಇಲ್ಲ, ಎಲ್ಲರೂ ನಮ್ಮ ಮುಖ ನೋಡುತ್ತಾ ನಿಂತಿರುತ್ತಾರೆ. ಎಷ್ಟು ಕೆಜಿ ಚಿನ್ನ ಅಂತ ಸುಮಕ್ಕ ಕೇಳಿದಳಂತೆ. ಕನ್ನಡಿ ಬೆರಿಲಿಯಮ್ ಅನ್ನುವ ಹಗುರ ಲೋಹದ್ದು, ಚಿನ್ನ ಮೇಲಿನ ತೆಳು ಲೇಪ ಅಷ್ಟೇ. ಹದಿನೆಂಟಕ್ಕೂ ಸೇರಿ 50 ಗ್ರಾಂ ಕೂಡ ಇಲ್ಲ. ಅವಳ ಮದುವೆಗೆ ಅಪ್ಪ ಹಾಕಿದ್ದೇ ಜಾಸ್ತಿ! ಈಗಂತೂ ಅದೂ ಕಾಣಲ್ಲ, ಕಪ್ಪು ಮುಚ್ಚಳ ಹಾಕಿಟ್ಟಿದ್ದಾರೆ.

ಕನ್ನಡಿಗೆ ಧೂಳು ತಾಗಬಾರದು ಅಂತ, ಅದನ್ನು ಜೋಡಿಸುವ ಕೋಣೆಯ ಒಳಗೆ ಹೋಗಬೇಕಾದರೆ ತಲೆಯಿಂದ ಕಾಲಿನವರೆಗೂ ಬಿಳಿ ಸೂಟು, ಮಾಸ್ಕ್, ಗ್ಲೌಸ್. ಸೆಂಟ್ ಹಾಕುವ ಹಾಗಿಲ್ಲ. ಮಾಮೂಲಿ ಪೇಪರ್ ಕೂಡ ಒಯ್ಯುವ ಹಾಗಿಲ್ಲ, ನಾರು ಉದುರುತ್ತದಂತೆ. ನಗಬೇಡ. ಇದಕ್ಕೂ ಮೊದಲು ಬಾಹ್ಯಾಕಾಶಕ್ಕೆ ಕಳಿಸಿದ ಹಬಲ್ ದೂರದರ್ಶಕ ಕೆಟ್ಟಾಗ ಜನ ಮೇಲೆ ಹೋಗಿ ರಿಪೇರಿ ಮಾಡಿದ್ದರು. ಇದು 15 ಲಕ್ಷ ಕಿಲೋಮೀಟರ್ ದೂರ ಹೋಗಿ ನಿಲ್ಲುತ್ತದೆ, ಅಲ್ಲಿಗೆ ಯಾರು ಹೋಗುತ್ತಾರೆ?

ಪುಟ್ಟ, ಇದನ್ನು ಅಪ್ಪನಿಗೆ ಜೋರಾಗಿ ಓದಿ ಹೇಳು. ಇಲ್ಲಿ ಒಂದು ಕಣ ಧೂಳಿಗೆ ಇಷ್ಟು ಜನ ಹೆದರುತ್ತಾರೆ, ಅವರು ಸಕ್ಕರೆ ಕಾಯಿಲೆ ಇಟ್ಟುಕೊಂಡು ಗಾಯದ ಕಾಲಲ್ಲಿ ಗೊಬ್ಬರ ತುಳಿಯುತ್ತಾರೆ. ನೋವೇ ಇಲ್ಲ ಅನ್ನುತ್ತಾರಲ್ಲ, ನನಗೆ ಅದೇ ಹೆದರಿಕೆ. ಸಕ್ಕರೆ ಏರಿ ನರ ಜಡವಾದರೆ ನೋವು ಗೊತ್ತೇ ಆಗಲ್ಲ, ಒಳಗೊಳಗೇ ಕೀವಾಗುತ್ತದೆ. ಅರಿಶಿನ ಮೆತ್ತಿ ಸುಮ್ನೆ ಕೂರಬೇಡಿ. ನಾಳೆಯೇ ಗಿರೀಶ ಭಾವನ ಜೀಪಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ. ಅಡಿಕೆ ಮಾರಿದ ಮೇಲೆ ನೋಡೋಣ ಅಂದರೆ ಕೇಳಬೇಡ. ದುಡ್ಡು ನಿನ್ನ ಖಾತೆಗೇ ಹಾಕಿದ್ದೇನೆ, ಅವರಿಗೆ ಹೇಳಬೇಡ. ನನಗೆ ಏನೇನೂ ಕಷ್ಟ ಇಲ್ಲ, ನಿಜವಾಗಲೂ. ಊಟ ಸರಿಯಾಗಿ ಆಗುತ್ತಿದೆ, ತೂಕ ಜಾಸ್ತಿಯೇ ಆಗಿದೆ. ಮೊನ್ನೆಯ ಹಿಮ ಟಿವಿಯಲ್ಲಿ ತೋರಿಸಿದಷ್ಟೇನಿಲ್ಲ, ಬಾಗಿಲ ಮುಂದೆ ಸ್ವಲ್ಪ ಎತ್ತಿ ಹಾಕಬೇಕಾಯಿತು, ಅಷ್ಟೇ.

ಡಾಕ್ಟ್ರು ಏನಂದರು ಅಂತ ಪುಟ್ಟ ಅವತ್ತೇ ಬರೆಯಲಿ. ಕೆಳಗೆ ಬಟ್ಟೆ ಒಗೆಯುವ ಮಷೀನ್ ನಿಂತಿರಬೇಕು, ತೆಗೆಯದಿದ್ದರೆ ಇನ್ಯಾರೋ ತೆಗೆದು ಹೊರಗಿಡುತ್ತಾರೆ. ಹುಡುಗಿ ಫೋಟೋ ಕಳಿಸಬೇಡ, ಅದು ಆಮೇಲೆ.

ನಿನ್ನ
ರಾಜು